ಗಂಡನ ಉತ್ಸಾಹ

ಮದುವೆಯಾದ ಮೇಲೆ ಶಶಿರೇಖಾ ವಿಮಾನ ಹಾರಿಸುವ ಹವ್ಯಾಸ ಬಿಟ್ಟದ್ದು ಗಂಡ ಮುಕುಂದನ ಹಟಕ್ಕೆ. ಹದಿನೆಂಟು ವರ್ಷಗಳ ನಂತರ ಅವನೇ, "ಮತ್ತೆ ಶುರು ಮಾಡೇ" ಎಂದು ದುಂಬಾಲು ಬಿದ್ದಾಗ ಅವಳಿಗೆ ನಂಬಲಾಗಲಿಲ್ಲ. ಆದರೂ ಶಿಕ್ಷಕರ ಜೊತೆ ಅಭ್ಯಾಸ ಮಾಡಿ ಲೈಸೆನ್ಸ್ ನವೀಕರಿಸಿಕೊಂಡಳು. ಅಷ್ಟರಲ್ಲಿ ವಿಮೆ ಏಜೆಂಟ್ ಮನೆಗೆ ಫೋನ್ ಮಾಡಿ, "ಸಾಹೇಬ್ರು ಹೇಳಿದ್ದ ಅಪಘಾತದ ಪಾಲಿಸಿ ರೆಡಿ ಇದೆ ಮೇಡಂ" ಎಂದ. ಅವಳು ಫೋನನ್ನು ಕುಕ್ಕಿ ಇಟ್ಟಳು.

ಭಾನುವಾರ ಬೆಳಿಗ್ಗೆ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಎರಡು ಸೀಟಿನ ಪುಟ್ಟ ವಿಮಾನವನ್ನು ಅವಳು ಸುತ್ತಿ ಸುತ್ತಿ ಪರೀಕ್ಷಿಸಿದಳು. ಪೆಟ್ರೋಲ್ ಟ್ಯಾಂಕಿನೊಳಗೆ ಇಣುಕಿದಳು, ರೆಕ್ಕೆಯ ನಟ್ಟುಗಳನ್ನು ಅಲುಗಿಸಿದಳು. ನಿನ್ನೆ ಮುಕುಂದ ಒಬ್ಬನೇ ಇಲ್ಲಿಗೆ ಬಂದಿದ್ದನೆಂದು ಮೆಕ್ಯಾನಿಕ್ ಬೇರೆ ಹೇಳಿದ್ದ. ಈಗ ಮುಕುಂದ ಅವಳ ಪಕ್ಕದಲ್ಲೇ ನಿಂತು ಬೆವರುತ್ತಿದ್ದ.

"ಯಾಕ್ರೀ, ಮುಖ ಹಾಗಾಗಿದೆ?"

"ಏನಿಲ್ಲ ಕಣೇ. ಎಲ್ಲಾ ಸರಿ ಇದೆ ತಾನೆ?"

"ಅದನ್ನ ನೀವೇ ಹೇಳ್ಬೇಕು. ವಿಮೆ ಮಾಡಿಸಿದ್ದೀರಂತೆ?"

ಅವನು ತಲೆ ತಗ್ಗಿಸಿದ. "ಗೊತ್ತಾಗೋಯ್ತಾ?"

"ನನ್ನ ಪ್ರಾಣಕ್ಕೆ ಎಷ್ಟು ಬೆಲೆ ಕಟ್ಟಿದ್ರಿ?"

"ನಿನ್ನ ಪ್ರಾಣಕ್ಕಲ್ಲ, ನನ್ನ ಪ್ರಾಣಕ್ಕೆ. ನಿನ್ನೆ ಬಂದು ಸುಮ್ನೆ ಕೂತು ನೋಡಿದ್ದಕ್ಕೇ ಜೀವ ಹೋದಂಗಾಗಿತ್ತು" ಎನ್ನುತ್ತ ಮುಕುಂದ ಹೆಲ್ಮೆಟ್ ಹಾಕಿಕೊಂಡು ಎರಡನೇ ಸೀಟಿಗೆ ಹತ್ತಿ ಕೂತ.