ತಕ್ಕಡಿಯಲ್ಲಿ ನಾನೂರೈವತ್ತು ವ್ಯಾಟ್

ಭುವನೇಶ್ವರಿ ಕಂಪ್ಯೂಟರಿನ ಹೊಸ ಪವರ್ ಸಪ್ಲೈಯನ್ನು ಅಪ್ಪನ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿದಳು.

“ಅಕ್ಕಾರ, ಇದೇನ್ರಿ? ನಾನೂರೈವತ್ತು ವ್ಯಾಟ್ ಅಂತ ಬರದದ ನೋಡ್ರಿ. ಗ್ರಾಫಿಕ್ಸ್ ಕಾರ್ಡ್ ಆರಾಮ ತಡೀತದ,” ಎಂದು ಅದನ್ನು ಮಾರಲು ತಂದಿದ್ದ ದೇವಾನಂದ ನಕ್ಕ.

ಹಳೆಯದು ಇನ್ನೂರೈವತ್ತರದು; ಹೊಸ ಕಾರ್ಡ್ ಹಾಕಿದಾಗಿನಿಂದ ಕಂಪ್ಯೂಟರ್ ನಡುವೆಯೇ ಆರಿಹೋಗುತ್ತಿತ್ತು. ಅವಳು ಜೋಡಿಸುತ್ತಿದ್ದ ಸಾಸವಡದ ಮದುವೆಯ ವಿಡಿಯೊ ಮೂರು ಸಲ ಅಕ್ಷತೆಯ ಹೊತ್ತಿಗೇ ನಿಂತಿತ್ತು. ನಾಲ್ಕನೆಯ ಸಲಕ್ಕೆ ಅವಳು ಸಿದ್ಧಳಿರಲಿಲ್ಲ. ಹಳೆಯದನ್ನು ಎದುರಿನ ತಟ್ಟೆಗಿಟ್ಟಳು.

ಹಳೆಯದು ಟಕ್ಕನೆ ಕೆಳಗಿಳಿಯಿತು. ನಾನೂರೈವತ್ತು ಮೇಲೇರಿ ತೂಗಾಡಿತು.

“ಕರೆಂಟ್ ತಕ್ಕಡ್ಯಾಗ ತೂಗ್ತಾರೇನ್ರಿ?”

“ಕರೆಂಟ್ ಅಲ್ರಿ, ಒಳಗಿನ ತಾಮ್ರ ತೂಗಾಕತ್ತೀನಿ. ಇಷ್ಟ ಹಗುರಿದ್ರ ಕಾರ್ಡ್ ಹೆಂಗ ತಡೀತದ?”

ದೇವಾನಂದ ಚೀಲದಿಂದ ಇನ್ನೊಂದನ್ನು ತೆಗೆದ. ಅದರ ಮೇಲಿನ ಅಂಕಿ ತೋರಿಸಲಿಲ್ಲ. ತಾನೇ ತಕ್ಕಡಿಗೆ ಹಾಕಿದ.