ಎರಡನೆಯ ಕುರಿ

"ಮುಖ ಆಗ್ಲೇ ಮೆಕ್ಕಾ ಕಡೆಗೆ ತಿರುಗ್ಸಿದೀನಿ, ಬೇಗ ಕುಯ್ಯೋ" ಎಂದು ತೆಫೆರಾ ಕುರಿಯ ಕಾಲು ಅದುಮಿಕೊಂಡು ಕುಳಿತ.

ಇಥಿಯೋಪಿಯಾದ ಲಾಸ್ತಾ ಬೆಟ್ಟಸೀಮೆಯಲ್ಲಿ ಕ್ರೈಸ್ತರು ಕೊಯ್ದದ್ದನ್ನು ಮುಸ್ಲಿಮರು ತಿನ್ನರು, ಮುಸ್ಲಿಮರು ಕೊಯ್ದದ್ದನ್ನು ಕ್ರೈಸ್ತರು ಮುಟ್ಟರು. ಹಾಗಂತ ಊಟಕ್ಕೆ ಕರೆಯದೆ ಬಿಟ್ಟವರೂ ಇಲ್ಲ. ಮೊಮ್ಮಗಳ ದೀಕ್ಷಾಸ್ನಾನದ ಔತಣಕ್ಕೆ ತೆಫೆರಾ ತನ್ನವರಿಗೊಂದು, ನೆರೆಯ ಮುಸ್ಲಿಮರಿಗೊಂದು ಕುರಿ ತಂದಿದ್ದ. ಎರಡನೆಯದನ್ನು ಕೊಯ್ಯಲು ಪಕ್ಕದ ಮನೆಯ ಎಂದ್ರಿಸನೇ ಬರಬೇಕು.

ಎಂದ್ರಿಸ್ ಬಂದಿದ್ದ, ಚೂರಿಯನ್ನೂ ಮಸೆದಿದ್ದ. ಕೈ ಮಾತ್ರ ಏಳಲಿಲ್ಲ. ಊರು ಬಹುಪಾಲು ಆರ್ಥೊಡಾಕ್ಸ್ ಚರ್ಚಿನ ಕ್ರೈಸ್ತರದು. ಇದ್ದ ಹನ್ನೆರಡು ಮುಸ್ಲಿಂ ಮನೆಯವರು ಎಂದ್ರಿಸನ ದನದ ಕೊಟ್ಟಿಗೆಯಲ್ಲಿ ನಮಾಜು ಮಾಡುತ್ತಿದ್ದರು. ಅವನ ಹಿತ್ತಲಲ್ಲಿ ಪುಟ್ಟ ಮಸೀದಿ ಕಟ್ಟಲು ಸರ್ಕಾರಿ ಕಚೇರಿಯವರು ಸುತ್ತಲಿನ ಐದು ಮನೆಗಳ ಸಹಿ ಕೇಳಿದ್ದರು. ನಾಲ್ಕು ಬಿದ್ದಿದ್ದವು. ಚರ್ಚಿನ ಹಿರಿಯನಾದ ತೆಫೆರಾ ಮೂರು ತಿಂಗಳಿಂದ ಕಾಗದ ಇಟ್ಟುಕೊಂಡು "ನೋಡೋಣ" ಎನ್ನುತ್ತಿದ್ದ. ನಾಳೆಗೆ ಗಡುವು ಮುಗಿಯುತ್ತಿತ್ತು.

"ನಾನು ಕುಯ್ಯಲ್ಲಣ್ಣಾ" ಎಂದ ಎಂದ್ರಿಸ್. ತೆಫೆರಾ ಮುನಿದರೆ ಇದ್ದ ಆಸೆಯೂ ಹೋಯಿತೆಂದು ಅವನಿಗೆ ಗೊತ್ತಿತ್ತು.

"ಏನಂದೆ? ನಿಮ್ಮೋರೆಲ್ಲ ಈಗ ಬಂದ್ಬಿಡ್ತಾರೆ! ಹಸಿದ ಹೊಟ್ಟೇಲಿ ಕಳಿಸ್ಲಾ?"

"ಕುಯ್ಯೋಕೆ ಅಲ್ಲಾನ ಹೆಸರು ಹೇಳ್ಬೇಕು. ನನ್ನ ಹಿತ್ತಲಲ್ಲಿ ಹೇಳೋಕೇ ನೀವಿನ್ನೂ ಒಪ್ಪಿಲ್ಲ. ನಿಮ್ಮ ಅಂಗಳದಲ್ಲಿ ಹೇಗೆ ಹೇಳ್ಲಿ?"

ಕರೆದ ಅತಿಥಿ ಉಣ್ಣದೆ ಹೋದರೆ ಮನೆತನದ ಮಾನ ಮೂರು ಕಾಸಿಗೆ ಹರಾಜು. "ಪಾದ್ರಿಗಳು ಏನಂತಾರೋ..." ಎಂದು ತೆಫೆರಾ ಗೊಣಗಿದ.

ಅಡುಗೆಮನೆಯಿಂದ ಅವನ ಹೆಂಡತಿ ಅಸ್ನಾಕು ಖಾರದ ಕೈಯಲ್ಲೇ ಆ ಕಾಗದ, ಪೆನ್ನು ಹಿಡಿದು ಬಂದಳು.

"ಮೂವತ್ತು ವರ್ಷದಿಂದ ಇವನ ದೇವರ ಹೆಸರನ್ನ ನಮ್ಮ ಅಂಗಳದಲ್ಲಿ ಕುರಿಗಳಿಗೆ ಕೇಳಿಸ್ತಿದೀರಿ. ಇವನ ಮಕ್ಕಳಿಗೂ ಕೇಳಿಸಿದ್ರೆ ಪಾದ್ರಿಗಳ ಗಂಟೇನು ಹೋಗುತ್ತೆ? ಹಾಕ್ರೀ ಸಹಿ!"

ತೆಫೆರಾ ಒಂದು ಕೈಯಲ್ಲಿ ಕುರಿ ಹಿಡಿದೇ ಇನ್ನೊಂದರಲ್ಲಿ ಸಹಿ ಗೀಚಿದ. ಎಂದ್ರಿಸನಿಗೆ ಸಂತೋಷಕ್ಕೆ ಕಣ್ಣು ತುಂಬಿ ಬಂತು. "ಬಿಸ್ಮಿಲ್ಲಾ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಚೂರಿ ಆಡಿಸಿದ.

"ಒಂದು ಮಾತು" ಎಂದ ತೆಫೆರಾ, ಕೈ ತೊಳೆಯುತ್ತ, ಬಿಗುಮಾನ ಬಿಡದೆ. "ಬೆಳಗಿನ ಜಾವದ ಬಾಂಗು ಮಾತ್ರ ಮೆತ್ತಗಿರ್ಬೇಕು. ನಂಗೆ ನಿದ್ದೆ ಕೆಡುತ್ತೆ."

"ಜೋರಾಗೇ ಕೂಗಪ್ಪಾ ಎಂದ್ರಿಸ್" ಎಂದಳು ಅಸ್ನಾಕು. "ಇನ್ಮೇಲಾದ್ರೂ ಇವರು ಹೊತ್ತಿಗೆ ಸರಿಯಾಗಿ ಎದ್ದು ಚರ್ಚಿಗೆ ಹೋಗ್ಲಿ."