ಗುಂಡು ನಮ್ಮಲ್ಲಿ, ಗ್ರೈಂಡರ್ ಅವರಲ್ಲಿ

ನೆನೆದ ಉದ್ದಿನ ವಾಸನೆ ಬಂದರೆ ಇವತ್ತಿಗೂ ಚೆನ್ನೈನ ಆ ಮಧ್ಯಾಹ್ನ ನೆನಪಾಗುತ್ತದೆ. ನಮಗೂ ಪಕ್ಕದ ಮನೆಯ ಮಾಮಿಗೂ ಸೇರಿ ಒಂದೇ ಗ್ರೈಂಡರ್ ಇತ್ತು. ಯಂತ್ರ ಅವರ ಅಡುಗೆಮನೆಯಲ್ಲಿತ್ತು. ಅದರ ಕಲ್ಲಿನ ಗುಂಡನ್ನು ಮಾತ್ರ ಅಮ್ಮ ನಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದಳು.

ಮಣಲಿಯ ರಾಸಾಯನಿಕ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದ ಅಪ್ಪ ನನಗೆ ಪಾಠ ಹೇಳುತ್ತಿದ್ದರು. ಅಮ್ಮನ ಎರಡು ಬಳೆಗಳನ್ನು ಅಂಚು ಒಂದರ ಮೇಲೊಂದು ಬರುವಂತೆ ನೆಲದ ಮೇಲಿಟ್ಟು, ಎರಡಕ್ಕೂ ಸೇರಿದ ನಡುವಿನ ಜಾಗದಲ್ಲಿ ಎರಡು ಉದ್ದಿನಕಾಳು ಹಾಕಿದರು.

"ಬಳೆಗಳು ಹೈಡ್ರೋಜನ್ ಪರಮಾಣು, ಕಾಳು ಎಲೆಕ್ಟ್ರಾನ್. ಒಬ್ಬೊಬ್ರೂ ಒಂದೊಂದು ತಂದು ಹಂಚ್ಕೊಂಡ್ರೆ, ಇಬ್ಬರಿಗೂ ಎರಡೆರಡು ಇದ್ದ ಹಾಗೆ. ಅದೇ ಬಂಧ."

ಅಕ್ಕಿ ತೊಳೆಯುತ್ತಿದ್ದ ಅಮ್ಮ ತಲೆಯೆತ್ತಿದಳು. "ಯಾರೂ ತಮ್ಮ ಕಡೆ ಎಳ್ಕೊಳಲ್ವಾ?"

"ಎರಡೂ ಹೈಡ್ರೋಜನ್ ಆದ್ರೆ ಸಮ. ಒಂದು ಕ್ಲೋರಿನ್ ಆದ್ರೆ, ಅದು ಸ್ವಲ್ಪ ತನ್ನ ಕಡೆ ಎಳ್ಕೊಳತ್ತೆ."

"ನಂಗೊತ್ತಿತ್ತು," ಅಮ್ಮ ಪಕ್ಕದ ಮನೆಯ ಗೋಡೆ ನೋಡಿದಳು. "ಅದಕ್ಕೇ ಗುಂಡು ಕೊಟ್ಟಿಲ್ಲ."

ಗುಂಡನ್ನು ಎತ್ತಿಕೊಂಡು ಎದ್ದಳು. "ಬೇಳೆ ಪಾತ್ರೆ ತಗೊಂಡು ಬಾ, ಕ್ಲೋರಿನ್ ಮನೆಗೆ ಹೋಗೋಣ."

ಮಾಮಿ ಬಾಗಿಲಲ್ಲೇ ಕಾಯುತ್ತಿದ್ದರು. ನಮ್ಮ ಪಾತ್ರೆಯನ್ನೊಮ್ಮೆ, ತಮ್ಮದನ್ನೊಮ್ಮೆ ನೋಡಿದರು. ಮೊದಲು ಯಾರದು ಎಂದು ವಾದವಾಗಿ, ಕೊನೆಗೆ ಎರಡನ್ನೂ ಒಟ್ಟಿಗೇ ಸುರಿದರು. ಹಿಟ್ಟು ನುಣ್ಣಗಾಗುವವರೆಗೂ ಗ್ರೈಂಡರಿನ ಆಚೆ ಒಬ್ಬರು, ಈಚೆ ಒಬ್ಬರು ಕುಳಿತಿದ್ದರು. ಇಬ್ಬರಲ್ಲಿ ಒಬ್ಬರೂ ಹಿಟ್ಟಿನಿಂದ ಕಣ್ಣು ಕೀಳಲಿಲ್ಲ.